ಬರ್ಲಿನ್ನಿನ ವೈದ್ಯ ಡಾಕ್ಟರ್ ಹಿರ್ಷ್‌ಫೆಲ್ಡ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ಮಹನೀಯರ ಜೀವನಚರಿತ್ರೆ ಅಚ್ಚಾಗುವುದುಂಟು. ದೇಶಭಕ್ತರು, ಕವಿಗಳು, ಸಂತರು, ವಿಜ್ಞಾನಿಗಳು ಇವರ ಚರಿತ್ರೆಗಳನ್ನು ಓದಿ ನಾವೆಲ್ಲರೂ ಸಂತೋಷಪಟ್ಟಿದ್ದೇವೆ. ಈ ಸಲ ನಾನು ಬರೆಯಹೊರಟಿರುವುದು ಒಬ್ಬ ವೈದ್ಯನ ಚರಿತ್ರೆಯನ್ನು. ಆತನು ಬದುಕಿದ್ದಾಗ ಆತನ ಹೆಸರು ಯೂರೋಪಿನಲ್ಲೆಲ್ಲ ಮನೆಮಾತಾಗಿತ್ತು. ಆತನು ತೀರಿಕೊಂಡದ್ದು 1935ರಲ್ಲಿ. ನಮ್ಮ ಕಡೆ ಆ ಹೆಸರನ್ನು ಕೇಳಿದವರು ವಿರಳ. ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಈ ಜರ್ಮನ್ ವೈದ್ಯನ ವಿಷಯವನ್ನು ಟಿ. ದಾಸರಹಳ್ಳಿಯ ಒಬ್ಬ ಬಿ.ಎ. ವಿದ್ಯಾರ್ಥಿಯು ಏಕೆ ಬರೆಯಬೇಕಾಯಿತು ಎಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ನಾವು ದಾಸರಹಳ್ಳಿಯ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ತಂದೆಯವರು ಶಿರಾ ಕಡೆಯ ಹಳ್ಳಿಯಿಂದ ಬಂದು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ಕಳೆದಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ವಠಾರದಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ, ಬ್ಯಾಂಕಿನ ಚೀಟಿ ತುಂಬಬೇಕಾದರೂ ನನಗೆ ಕರೆ ಬರುತ್ತದೆ. ವಠಾರದ ಕೊನೆಯ ಕೋಣೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಜನರು ಮಂಗಳಮುಖಿ ಎಂದು ಕರೆಯುವ ಸಮುದಾಯಕ್ಕೆ ಸೇರಿದವರು. ಕಳೆದ ಮಳೆಗಾಲದಲ್ಲಿ ಅವರಿಗೆ ವಿಪರೀತ ಜ್ವರ ಬಂತು. ಚೀಟಿ ಬರೆಸಲು ಜೊತೆಗೆ ಬರುವೆಯಾ ತಮ್ಮ ಎಂದು ಕೇಳಿದರು. ಹೋದೆನು.

ಅಂದು ನಾನು ನೋಡಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಹೆಂಗಸರ ಸಾಲಿನಲ್ಲಿ ನಿಂತರೆ ಗಂಡಸರ ಸಾಲಿಗೆ ಹೋಗೆಂದರು. ಗಂಡಸರ ಸಾಲಿನಲ್ಲಿ ನಿಂತರೆ ನಗೆಯಾಡಿದರು. ಚೀಟಿಯ ಕಿಟಕಿಯಲ್ಲಿ, ಕಾರ್ಡಿನಲ್ಲಿರುವ ಹೆಸರಿಗೂ ಎದುರು ನಿಂತಿರುವ ಆಳಿಗೂ ತಾಳೆಯಾಗದೆಂದು ಕಾರ್ಡನ್ನು ಹಿಂದಕ್ಕೆ ತಳ್ಳಿದರು. ಎರಡು ಗಂಟೆಯ ಮೇಲೆ ಒಳಗೆ ಹೋದಾಗ ಅಲ್ಲಿದ್ದವರು ಜ್ವರವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕೇಳಿದರು. ಯಾರೂ ಕೈಹಿಡಿದು ನಾಡಿ ನೋಡಲಿಲ್ಲ. ಅಕ್ಕ ನನ್ನ ಮುಖ ನೋಡಿ, ನಡಿ ಮನೆಗೆ ಹೋಗೋಣ ಎಂದರು. ಮೂರು ದಿನ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲೇ ಕಳೆದರು. ನಾಲ್ಕನೆಯ ದಿನ ಮೈಮೇಲೆ ಪ್ರಜ್ಞೆ ತಪ್ಪಿದಾಗ ವಠಾರದ ಹೆಂಗಸರು ಆಟೋದಲ್ಲಿ ಬೇರೊಂದು ಕಡೆ ಸೇರಿಸಿದರು. ಟೈಫಾಯಿಡ್ ಎಂದು ಗೊತ್ತಾಯಿತು. ಜೀವ ಉಳಿಯಿತು, ಆದರೆ ಕೂಡಿಟ್ಟ ಹಣವೆಲ್ಲ ಹೋಯಿತು.

ಅದೇ ತಿಂಗಳು ನಮ್ಮ ಇತಿಹಾಸದ ತರಗತಿಯಲ್ಲಿ ಹಿಟ್ಲರನ ಆಳ್ವಿಕೆಯ ಪಾಠ ನಡೆಯುತ್ತಿತ್ತು. ಬರ್ಲಿನ್ನಿನ ಚೌಕದಲ್ಲಿ ರಾತ್ರಿ ಪುಸ್ತಕಗಳನ್ನು ರಾಶಿಹಾಕಿ ಸುಡುತ್ತಿರುವ ಚಿತ್ರವೊಂದನ್ನು ನಮ್ಮ ಅಧ್ಯಾಪಕರು ತೋರಿಸಿದರು. ಆ ಬೆಂಕಿಗೆ ಬಿದ್ದ ಪುಸ್ತಕಗಳಲ್ಲಿ ಒಬ್ಬ ವೈದ್ಯನ ಗ್ರಂಥಭಂಡಾರವೂ ಸೇರಿತ್ತೆಂದೂ, ಆತನು ನಮ್ಮ ಮಂಗಳಮುಖಿಯರಂಥವರಿಗೆ ಚಿಕಿತ್ಸೆ ಮಾಡುತ್ತಿದ್ದನೆಂದೂ ಹೇಳಿ, ಮುಂದಿನ ಪಾಠಕ್ಕೆ ಹೊರಟುಹೋದರು. ನನಗೆ ಮುಂದೆ ಹೋಗಲಾಗಲಿಲ್ಲ. ಆತನ ವಿಷಯವಾಗಿ ಸಿಕ್ಕಿದುದನ್ನೆಲ್ಲ ಓದಿದೆನು. ಅದರ ಸಾರವೇ ಈ ಲೇಖನ.

ಹಿರ್ಷ್‌ಫೆಲ್ಡನು 1868ನೆಯ ಇಸವಿ ಮೇ 14ರಂದು ಬಾಲ್ಟಿಕ್ ಸಮುದ್ರತೀರದ ಕೋಲ್ಬರ್ಗ್ ಎಂಬ ಊರಿನಲ್ಲಿ ಹುಟ್ಟಿದನು. ಆಗ ಪ್ರಷ್ಯಕ್ಕೆ ಸೇರಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. ತಂದೆ ಹರ್ಮನ್ ಹಿರ್ಷ್‌ಫೆಲ್ಡನು ಯೆಹೂದ್ಯ ಮತಸ್ಥನಾದ ವೈದ್ಯ. ಊರಿನಲ್ಲಿ ಗೌರವ ಸಂಪಾದಿಸಿದವನು. ಮಗನು ಮೊದಲು ಭಾಷಾಶಾಸ್ತ್ರಕ್ಕೆ ಮನಸ್ಸುಕೊಟ್ಟು, ಆಮೇಲೆ ತಂದೆಯ ದಾರಿಯನ್ನೇ ಹಿಡಿದು ಹಲವು ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ಓದಿ, 1892ರಲ್ಲಿ ಡಾಕ್ಟರ್ ಪದವಿ ಪಡೆದನು. ಮ್ಯಾಗ್ಡೆಬರ್ಗ್ ಪಟ್ಟಣದಲ್ಲಿ ಕೆಲವು ಕಾಲ ವೃತ್ತಿ ನಡೆಸಿ, 1896ರಲ್ಲಿ ಬರ್ಲಿನ್ನಿನ ಮಗ್ಗುಲಲ್ಲಿದ್ದ ಷಾರ್ಲಾಟೆನ್‌ಬರ್ಗಿಗೆ ಬಂದು ನೆಲೆಸಿದನು.

ಆತನ ಜೀವನದ ದಿಕ್ಕನ್ನು ತಿರುಗಿಸಿದ್ದು ಒಬ್ಬ ರೋಗಿಯ ಸಾವು. ಆ ರೋಗಿಯು ಸೈನ್ಯದ ತರುಣ ಅಧಿಕಾರಿ. ಅವನ ಒಲವು ಗಂಡಸರ ಕಡೆಗಿತ್ತು. ಮನೆಯವರು ಮದುವೆ ಗೊತ್ತುಮಾಡಿದ್ದರು. ಜರ್ಮನಿಯ ದಂಡಸಂಹಿತೆಯ 175ನೆಯ ವಿಧಿಯು ಅಂಥ ಒಲವನ್ನು ಅಪರಾಧವೆಂದು ಸಾರಿತ್ತು. ತರುಣನು ಮದುವೆಯ ಮುನ್ನಾದಿನವೇ ಪ್ರಾಣ ನೀಗಿಕೊಂಡನು; ತನ್ನ ಕಥೆಯನ್ನು ಲೋಕಕ್ಕೆ ತಿಳಿಸಬೇಕೆಂದು ವೈದ್ಯನಿಗೆ ಕಾಗದ ಬರೆದಿಟ್ಟಿದ್ದನು. ಹಿರ್ಷ್‌ಫೆಲ್ಡನೂ ಅದೇ ಒಲವಿನವನಾಗಿದ್ದನು. ಆ ಕಾಗದವನ್ನು ಓದಿದಾಗ ಆತನ ಮನಸ್ಸಿನಲ್ಲಿ ಏನಾಯಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. 1896ರಲ್ಲಿ ಆತನು ಬೇರೊಂದು ಹೆಸರಿನಿಂದ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಮರುವರ್ಷ, 1897ರ ಮೇ ತಿಂಗಳಲ್ಲಿ, ಸ್ನೇಹಿತರೊಡನೆ ಕೂಡಿ ಒಂದು ಸಮಿತಿಯನ್ನು ಸ್ಥಾಪಿಸಿದನು. ಇಂಥವರ ಹಕ್ಕಿಗಾಗಿ ಹುಟ್ಟಿದ ಜಗತ್ತಿನ ಮೊದಲ ಸಂಸ್ಥೆ ಇದೇ ಎನ್ನುತ್ತಾರೆ. 175ನೆಯ ವಿಧಿಯನ್ನು ತೆಗೆದುಹಾಕಬೇಕೆಂಬ ಮನವಿಗೆ ಆತನು ಸಹಿ ಸಂಗ್ರಹಿಸಿದನು. ಐನ್‌ಸ್ಟೈನ್, ಥಾಮಸ್ ಮಾನ್ ಮೊದಲಾದವರು ಮುಂದೆ ಅದಕ್ಕೆ ಸಹಿಹಾಕಿದರು. ಆದರೂ ಆ ವಿಧಿಯು ಪೂರ್ಣವಾಗಿ ರದ್ದಾದದ್ದು 1994ರಲ್ಲಿ. ಆತನು ಸತ್ತು 59 ವರ್ಷಗಳಾದ ಮೇಲೆ.

ಸಮಿತಿಯ ಕೆಲಸ ನಡೆಯುತ್ತಿರುವಾಗಲೇ ಆತನ ಬಳಿಗೆ ಇನ್ನೊಂದು ಬಗೆಯ ಜನರು ಬರತೊಡಗಿದರು. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುವವರು. ಅಂದಿನ ವೈದ್ಯರು ಇವರನ್ನು ಹುಚ್ಚರೆನ್ನುತ್ತಿದ್ದರು, ಪೊಲೀಸರು ವೇಷಧಾರಿ ವಂಚಕರೆನ್ನುತ್ತಿದ್ದರು. ಹಿರ್ಷ್‌ಫೆಲ್ಡನು ಮಾತ್ರ ಇವರ ಜೀವನವನ್ನು ಇವರ ಬಾಯಿಂದಲೇ ಕೇಳಿ ಬರೆದುಕೊಂಡನು. 1910ರಲ್ಲಿ ಪ್ರಕಟವಾದ ಆತನ ದೊಡ್ಡ ಗ್ರಂಥದಲ್ಲಿ, ಇವರು ಬೇರೆ ಒಂದು ವರ್ಗದವರೆಂದೂ, ಯಾರನ್ನು ಪ್ರೀತಿಸುತ್ತೇವೆ ಎಂಬುದು ಬೇರೆ, ತಾನು ಯಾರು ಎಂಬುದು ಬೇರೆ ಎಂದೂ ವಿವರಿಸಿದನು. ಗಂಡು ಹೆಣ್ಣು ಎಂಬ ಎರಡು ಪೆಟ್ಟಿಗೆಗಳಲ್ಲಿ ಮನುಷ್ಯಕುಲವನ್ನೆಲ್ಲ ತುಂಬಿಸಲಾಗದು, ನಡುವೆ ಎಣಿಸಲಾರದಷ್ಟು ಬಗೆಗಳಿವೆ ಎಂಬುದೇ ಆತನ ಸಿದ್ಧಾಂತದ ತಿರುಳು.

ಆತನು ಬರಿಯ ಸಿದ್ಧಾಂತದಲ್ಲಿ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಸೀರೆಯುಟ್ಟ ಗಂಡಸು ಎಂದು ನಮ್ಮವರು ಬೀದಿಯಲ್ಲಿ ಹೇಗೆ ತಡೆಯುತ್ತಾರೋ, ಹಾಗೆಯೇ ಬರ್ಲಿನ್ನಿನ ಪೊಲೀಸರೂ ಇವರನ್ನು ಸಾರ್ವಜನಿಕ ಶಾಂತಿಭಂಗದ ಹೆಸರಿನಲ್ಲಿ ಹಿಡಿಯುತ್ತಿದ್ದರು. ಹಿರ್ಷ್‌ಫೆಲ್ಡನು ವೈದ್ಯನಾಗಿ ಪತ್ರ ಬರೆದುಕೊಟ್ಟನು. ಪೊಲೀಸ್ ಅಧಿಕಾರಿಗಳಿಗೆ ತಿಳಿಯಹೇಳಿದನು. ಅದರ ಫಲವಾಗಿ ಅವರೇ ಒಂದು ಚೀಟಿ ಕೊಡತೊಡಗಿದರು. ಈ ಚೀಟಿಯುಳ್ಳವರು ಇಂಥ ಉಡುಪಿನಲ್ಲಿ ಓಡಾಡುವುದು ಪೊಲೀಸರಿಗೆ ತಿಳಿದಿದೆ ಎಂಬುದು ಅದರ ತಾತ್ಪರ್ಯ. ಒಂದು ತುಂಡು ಕಾಗದ! ಆದರೆ ಅದು ಕೈಯಲ್ಲಿದ್ದವರು ಅಂಗಡಿಗೆ ಹೋಗಬಹುದಾಗಿತ್ತು, ಟ್ರ್ಯಾಮ್ ಗಾಡಿ ಹತ್ತಬಹುದಾಗಿತ್ತು, ವೈದ್ಯನ ಮನೆಗೆ ನಡೆದುಬರಬಹುದಾಗಿತ್ತು. ಆಸ್ಪತ್ರೆಯ ದಾರಿಯು ಆಸ್ಪತ್ರೆಯ ಬಾಗಿಲಿನಿಂದ ಆರಂಭವಾಗುವುದಿಲ್ಲ, ಮನೆಯ ಬಾಗಿಲಿನಿಂದ ಆರಂಭವಾಗುತ್ತದೆ ಎಂಬುದನ್ನು ಆತನು ಕಂಡುಕೊಂಡಿದ್ದನು.

ಮೊದಲನೆಯ ಮಹಾಯುದ್ಧ ಮುಗಿದು ಜರ್ಮನಿಯು ಗಣರಾಜ್ಯವಾಯಿತು. 1919ನೆಯ ಇಸವಿ ಜುಲೈ 6ರಂದು ಹಿರ್ಷ್‌ಫೆಲ್ಡನು ಬರ್ಲಿನ್ನಿನ ಟಿಯರ್‌ಗಾರ್ಟನ್ ಭಾಗದ ಒಂದು ಭವ್ಯ ಭವನದಲ್ಲಿ ತನ್ನ ಲೈಂಗಿಕ ವಿಜ್ಞಾನ ಸಂಸ್ಥೆಯನ್ನು ತೆರೆದನು. ಪ್ರಖ್ಯಾತ ಪಿಟೀಲು ವಿದ್ವಾಂಸ ಯೋಸೆಫ್ ಯೋವಾಕಿಮನು ಹಿಂದೆ ವಾಸಿಸಿದ್ದ ಮನೆ ಅದು. ಅಲ್ಲಿ ಚಿಕಿತ್ಸಾಲಯವಿತ್ತು, ಗ್ರಂಥಭಂಡಾರವಿತ್ತು, ವಸ್ತುಸಂಗ್ರಹಾಲಯವಿತ್ತು, ಉಪನ್ಯಾಸದ ಸಭಾಂಗಣವಿತ್ತು. ಗುಹ್ಯರೋಗಗಳಿಗೆ ಔಷಧ, ಮದುವೆಯಾಗುವವರಿಗೆ ಸಲಹೆ, ಸಂತಾನ ನಿಯಂತ್ರಣದ ತಿಳಿವಳಿಕೆ ಎಲ್ಲವೂ ದೊರೆಯುತ್ತಿದ್ದವು. ಬಡವರಿಂದ ಹಣ ಪಡೆಯುತ್ತಿರಲಿಲ್ಲ. ಬಾಯಿಬಿಟ್ಟು ಕೇಳಲು ನಾಚುವವರು ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆದುಹಾಕಿದರೆ, ಸಂಜೆಯ ಸಭೆಯಲ್ಲಿ ವೈದ್ಯರು ಉತ್ತರ ಹೇಳುತ್ತಿದ್ದರು.

ಇಲ್ಲಿ ಒಂದು ಹೋಲಿಕೆ ನನ್ನ ಮನಸ್ಸನ್ನು ಬಹಳ ಕಲಕಿತು. ಅದೇ 1919ರಲ್ಲಿ, ಅಂದರೆ ಫಸಲಿ 1329ರಲ್ಲಿ, ನಮ್ಮ ಬೀದರ, ಕಲಬುರಗಿ, ರಾಯಚೂರು ಸೀಮೆಗಳನ್ನು ಆಗ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಒಂದು ಕಾಯಿದೆ ಬಂದಿತು. ಹೈದರಾಬಾದು ನಗರದಲ್ಲಿಯೂ ಸರ್ಕಾರ ಸೂಚಿಸುವ ಬೇರೆ ಊರುಗಳಲ್ಲಿಯೂ ಹಿಜಡಾ ಜನರ ಹೆಸರು ವಿಳಾಸಗಳ ದಫ್ತರವಿಡಬೇಕು, ಅವರು ಹೆಣ್ಣುಡುಪಿನಲ್ಲಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು ಎಂದು ಅದು ಹೇಳಿತು. ಅದಕ್ಕೆ ಮೊದಲು 1871ರಲ್ಲಿಯೇ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಇಂಥದೇ ದಫ್ತರವನ್ನು ಏರ್ಪಡಿಸಿತ್ತು. ಒಂದು ನಗರದಲ್ಲಿ ಹೆಸರು ಬರೆದುಕೊಂಡದ್ದು ಔಷಧ ಕೊಡಲು. ಇನ್ನೊಂದು ನಾಡಿನಲ್ಲಿ ಹೆಸರು ಬರೆದುಕೊಂಡದ್ದು ಹಿಡಿದು ಕೂಡಲು. ಹೈದರಾಬಾದಿನ ಆ ಕಾಯಿದೆಯನ್ನು ತೆಲಂಗಾಣ ಉಚ್ಚ ನ್ಯಾಯಾಲಯವು ರದ್ದುಮಾಡಿದ್ದು 2023ರಲ್ಲಿ. ನಮ್ಮ ರಾಜ್ಯದಲ್ಲಿಯೇ 2011ರಲ್ಲಿ ಪೊಲೀಸ್ ಕಾಯಿದೆಗೆ 36ಎ ಎಂಬ ವಿಧಿಯನ್ನು ಸೇರಿಸಿ ಅಂಥದೇ ದಫ್ತರಕ್ಕೆ ಅವಕಾಶ ಮಾಡಲಾಗಿತ್ತು. ಸಮುದಾಯದವರು ನ್ಯಾಯಾಲಯಕ್ಕೆ ಹೋದ ಮೇಲೆ ಅದರೊಳಗಿನ ಆ ಸಮುದಾಯದ ಹೆಸರನ್ನು ತೆಗೆಯಲಾಯಿತು.

ಮತ್ತೆ ಬರ್ಲಿನ್ನಿಗೆ ಬರೋಣ. ಆ ಭವನಕ್ಕೆ ಬಂದವರಲ್ಲಿ ಡೋರಾ ರಿಕ್ಟರ್ ಎಂಬಾಕೆ ಒಬ್ಬಳು. 1892ರಲ್ಲಿ ಬೊಹಿಮಿಯದ ಗುಡ್ಡಗಾಡಿನ ಬಡ ರೈತರ ಮನೆಯಲ್ಲಿ ಹುಟ್ಟಿದವಳು. ಎಲ್ಲರೂ ಗಂಡೆಂದು ಬೆಳೆಸಿದ ಆಕೆಯು ಎಳೆತನದಿಂದಲೂ ತಾನು ಹೆಣ್ಣೆಂದೇ ಬಾಳಿದಳು. ಇಂಥವರಿಗೆ ಹೊರಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಆದುದರಿಂದ ಹಿರ್ಷ್‌ಫೆಲ್ಡನು ತನ್ನ ಸಂಸ್ಥೆಯಲ್ಲಿಯೇ ಆಕೆಗೂ ಆಕೆಯಂಥ ಇತರರಿಗೂ ಮನೆಗೆಲಸ ಕೊಟ್ಟನು. 1922ರಲ್ಲಿ ಮೊದಲನೆಯ, 1931ರಲ್ಲಿ ಮುಂದಿನ ಶಸ್ತ್ರಚಿಕಿತ್ಸೆಗಳು ಆಕೆಗೆ ನಡೆದವು. ಗಂಡಿನ ದೇಹವನ್ನು ಪೂರ್ಣವಾಗಿ ಹೆಣ್ಣಿನದಾಗಿ ಮಾಡಿದ ಶಸ್ತ್ರಚಿಕಿತ್ಸೆಗಳಲ್ಲಿ ದಾಖಲೆಯುಳ್ಳ ಮೊದಲನೆಯವುಗಳಲ್ಲಿ ಅದೂ ಒಂದು. ಡೆನ್ಮಾರ್ಕಿನ ಚಿತ್ರಕಲಾವಿದೆ ಲಿಲಿ ಎಲ್ಬೆಗೂ 1930ರಲ್ಲಿ ಬರ್ಲಿನ್ನಿನಲ್ಲಿಯೇ ಮೊದಲ ಚಿಕಿತ್ಸೆಯಾಯಿತು. ಆಮೇಲೆ ಡ್ರೆಸ್ಡೆನ್ನಿನಲ್ಲಿ ನಡೆದ ಚಿಕಿತ್ಸೆಗಳ ತೊಡಕಿನಿಂದ ಆಕೆಯು 1931ರ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಪೆನಿಸಿಲಿನ್ ಔಷಧವು ರೋಗಿಗಳ ಕೈಗೆ ಇನ್ನೂ ಬಂದಿರದಿದ್ದ ಕಾಲವದು. ಸ್ತ್ರೀ ಹಾರ್ಮೋನನ್ನು ಬೇರ್ಪಡಿಸಿದ್ದೇ 1929ರಲ್ಲಿ. ವೈದ್ಯರ ಕೈಯಲ್ಲಿದ್ದ ವಿದ್ಯೆ ಎಳೆಯದು, ಅಪಾಯ ದೊಡ್ಡದು. ಆದರೂ ಆ ಮನೆಯಲ್ಲಿ ರೋಗಿಯನ್ನು ಮುಟ್ಟುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿದ್ದರು.

ಆತನಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅಂದಿನ ಅನೇಕ ವಿಜ್ಞಾನಿಗಳಂತೆ ಆತನೂ ಸುಪ್ರಜನನ ವಾದವನ್ನು ನಂಬಿದ್ದನು. ಯಾರು ಮಕ್ಕಳನ್ನು ಹೆರಬೇಕು, ಯಾರು ಹೆರಬಾರದು ಎಂದು ವೈದ್ಯರು ಹೇಳಬಹುದೆಂಬ ಆ ವಾದವನ್ನೇ ಮುಂದೆ ಆತನ ಶತ್ರುಗಳು ಘೋರವಾದ ಕ್ರೌರ್ಯಕ್ಕೆ ಬಳಸಿದರು. ಚರಿತ್ರೆ ಬರೆಯುವವನು ಇದನ್ನು ಮುಚ್ಚಿಡಬಾರದು.

ಶತ್ರುಗಳಂತೂ ಆತನಿಗೆ ಬಹಳ. 1920ರಲ್ಲಿ ಮ್ಯೂನಿಕ್ ನಗರದಲ್ಲಿ ಉಪನ್ಯಾಸ ಮುಗಿಸಿ ಬರುತ್ತಿದ್ದಾಗ ಪುಂಡರು ಆತನನ್ನು ಹೊಡೆದು ಬೀದಿಯಲ್ಲಿ ಕೆಡವಿದರು. ಸತ್ತನೆಂದೇ ಪತ್ರಿಕೆಗಳು ಬರೆದವು. ಹಾಸಿಗೆಯಲ್ಲಿ ಮಲಗಿ ಆತನು ತನ್ನ ಮರಣವಾರ್ತೆಯನ್ನು ತಾನೇ ಓದಿದನು! ಚೇತರಿಸಿಕೊಂಡವನು ಹಿಂದಿನಂತೆಯೇ ಕೆಲಸಕ್ಕೆ ಹೊರಟನು. 1930ರ ಕೊನೆಯಲ್ಲಿ ಉಪನ್ಯಾಸಗಳಿಗಾಗಿ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಜಪಾನು, ಚೀನಾ, ಸಿಂಹಳಗಳನ್ನು ಸುತ್ತಿ 1931ರಲ್ಲಿ ನಮ್ಮ ದೇಶಕ್ಕೂ ಬಂದನು. ಭಾರತದ ಸ್ವಾತಂತ್ರ್ಯದ ಹೋರಾಟಕ್ಕೆ ಸಹಾನುಭೂತಿ ತೋರಿದನು. 1932ರಲ್ಲಿ ಯೂರೋಪಿಗೆ ಹಿಂದಿರುಗಿದಾಗ, ಸ್ವದೇಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯವೆಂದು ಸ್ನೇಹಿತರು ಎಚ್ಚರಿಸಿದರು. ಆತನು ಮತ್ತೆ ಜರ್ಮನಿಯ ನೆಲವನ್ನು ತುಳಿಯಲೇ ಇಲ್ಲ.

1933ರ ಮೇ 6ರ ಬೆಳಗ್ಗೆ ಲಾರಿಗಳು ಬಂದು ಆ ಭವನದ ಮುಂದೆ ನಿಂತವು. ಅವುಗಳಿಂದ ಇಳಿದವರು ಪೊಲೀಸರಲ್ಲ, ಸೈನಿಕರೂ ಅಲ್ಲ, ವಿದ್ಯಾರ್ಥಿಗಳು. ವಾದ್ಯ ಬಾರಿಸಿಕೊಂಡು ಬಂದರು. ಬಾಗಿಲು ಒಡೆದು, ಕಡತಗಳನ್ನು ಕಿತ್ತು, ಚಿತ್ರಗಳನ್ನು ತುಳಿದು, ಪುಸ್ತಕಗಳನ್ನು ಹೊತ್ತೊಯ್ದರು. ಮೇ 10ರ ರಾತ್ರಿ ವಿಶ್ವವಿದ್ಯಾನಿಲಯದ ಎದುರಿನ ಚೌಕದಲ್ಲಿ ಬೆಂಕಿ ಹಾಕಿ, ಆ ಪುಸ್ತಕಗಳನ್ನೂ ಇತರ ಲೇಖಕರ ಸಾವಿರಾರು ಪುಸ್ತಕಗಳನ್ನೂ ಸುಟ್ಟರು. ಹಿರ್ಷ್‌ಫೆಲ್ಡನ ತಲೆಯ ವಿಗ್ರಹವನ್ನು ಕೋಲಿಗೆ ಸಿಕ್ಕಿಸಿ ಮೆರವಣಿಗೆ ಮಾಡಿ ಬೆಂಕಿಗೆಸೆದರು. ಪ್ಯಾರಿಸಿನ ಚಿತ್ರಮಂದಿರವೊಂದರಲ್ಲಿ ವಾರ್ತಾಚಿತ್ರ ತೋರಿಸುವಾಗ ಆ ಮುದಿವೈದ್ಯನು ತನ್ನ ಜೀವಮಾನದ ಗಳಿಕೆ ಉರಿಯುವುದನ್ನು ಕತ್ತಲೆಯಲ್ಲಿ ಕುಳಿತು ನೋಡಿದನು. ಎರಡು ವರ್ಷಗಳ ಬಳಿಕ, 1935ರ ಮೇ 14ರಂದು, ತನ್ನ 67ನೆಯ ಹುಟ್ಟುಹಬ್ಬದ ದಿನವೇ, ಫ್ರಾನ್ಸಿನ ನೀಸ್ ನಗರದಲ್ಲಿ ಪ್ರಾಣಬಿಟ್ಟನು. ಅಲ್ಲಿಯೇ ಆತನ ಸಮಾಧಿಯಿದೆ.

ಡೋರಾ ರಿಕ್ಟರಳು ಆ ದಾಳಿಯಲ್ಲಿಯೇ ಸತ್ತಳೆಂದು ಬಹುಕಾಲ ಎಲ್ಲರೂ ನಂಬಿದ್ದರು. ಇತ್ತೀಚಿನ ಸಂಶೋಧನೆಯಿಂದ ಬೇರೆ ಸಂಗತಿ ಹೊರಬಿದ್ದಿದೆ. ಆಕೆಯು ತನ್ನ ಹುಟ್ಟುನಾಡಿಗೆ ಹೋಗಿ, ಕಾನೂನಿನಂತೆ ಹೆಣ್ಣಿನ ಹೆಸರನ್ನು ಪಡೆದು, 1966ರವರೆಗೆ ಬದುಕಿದ್ದು, ಬವೇರಿಯದಲ್ಲಿ ತೀರಿಕೊಂಡಳು. ಇದನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು. ಪುಸ್ತಕ ಸುಟ್ಟವರು ಎಲ್ಲವನ್ನೂ ಸುಡಲಾಗಲಿಲ್ಲವಲ್ಲ!

ವಿದ್ಯಾರ್ಥಿಮಿತ್ರರೇ, ಈ ಚರಿತ್ರೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು ಆ ಲಾರಿಗಳು. ಅವುಗಳಲ್ಲಿದ್ದವರು ನಮ್ಮ ವಯಸ್ಸಿನವರು, ಓದುಬರಹ ಬಲ್ಲವರು. ದೇಶವನ್ನು ಶುದ್ಧಿಮಾಡುತ್ತಿದ್ದೇವೆಂದು ನಂಬಿದ್ದವರು. ವಿದ್ಯೆ ಬಂದರೆ ವಿನಯ ಬರುವುದೆಂದು ನಾವು ಪ್ರಬಂಧಗಳಲ್ಲಿ ಬರೆಯುತ್ತೇವೆ. ಅದು ತಾನಾಗಿ ಬರುವುದಿಲ್ಲವೆಂಬುದಕ್ಕೆ ಬರ್ಲಿನ್ನಿನ ಆ ಬೆಂಕಿಯೇ ಸಾಕ್ಷಿ. ಅಂದು ಚೀಟಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಕ್ಕವರಲ್ಲಿಯೂ ಹೆಗಲಿಗೆ ಕಾಲೇಜಿನ ಚೀಲ ಹಾಕಿದ್ದ ಇಬ್ಬರಿದ್ದರು. ನಿಜ ಹೇಳಬೇಕೆಂದರೆ, ಆ ಸಾಲಿನಲ್ಲಿ ಅಕ್ಕನಿಂದ ಎರಡು ಹೆಜ್ಜೆ ದೂರ ಸರಿದು, ನಾನು ಅವರ ಜೊತೆಯವನಲ್ಲವೆಂಬಂತೆ ಸ್ವಲ್ಪ ಹೊತ್ತು ನಿಂತವನು ನಾನು. ಅವರು ಅದನ್ನು ನೋಡಿದರು. ಏನೂ ಅನ್ನಲಿಲ್ಲ.

ನಮ್ಮ ದೇಶದಲ್ಲಿ ಕಾನೂನಿನ ದಾರಿ ತೆರೆದಿಲ್ಲವೆನ್ನುವಂತಿಲ್ಲ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಇವರ ಗುರುತನ್ನು ಮಾನ್ಯಮಾಡಿ, ಆಸ್ಪತ್ರೆಗಳಲ್ಲಿ ವೈದ್ಯಕೀಯ ನೆರವು ದೊರಕಿಸಬೇಕೆಂದು ಆದೇಶಿಸಿತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ಆರೋಗ್ಯಸೇವೆಯಲ್ಲಿ ತಾರತಮ್ಯ ಕೂಡದೆಂದು ಸಾರಿತು. 2021ರಲ್ಲಿ ನಮ್ಮ ಕರ್ನಾಟಕವು ಸರ್ಕಾರಿ ಕೆಲಸಗಳಲ್ಲಿ ಶೇಕಡ 1ರ ಮೀಸಲಾತಿ ಕೊಟ್ಟಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಸಂದದ್ದೂ ಅದೇ ವರ್ಷ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ದೆಹಲಿಯ ಆದೇಶವು ದಾಸರಹಳ್ಳಿಯ ರೋಗಿಯನ್ನು ಮುಟ್ಟಬೇಕಾದರೆ ಚೀಟಿಯ ಕಿಟಕಿಯನ್ನು ದಾಟಿ ಬರಬೇಕು. ಅಲ್ಲಿ ಅವಮಾನವಾದವರು ಮತ್ತೆ ಆ ಕಡೆ ತಲೆಹಾಕುವುದಿಲ್ಲ. ವೈದ್ಯರ ಸಲಹೆಯೂ ರಕ್ತಪರೀಕ್ಷೆಯೂ ಇಲ್ಲದೆ, ಅಂಗಡಿಯ ಗರ್ಭನಿರೋಧಕ ಮಾತ್ರೆಗಳನ್ನೇ ಹಾರ್ಮೋನಿಗೆ ಬದಲಾಗಿ ನುಂಗುವವರಿದ್ದಾರೆ. ಅಂಥ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಜ್ವರ ಬಂದರೆ ಮೂರು ದಿನ ಕಾಯುತ್ತಾರೆ. ರೋಗವು ಕಾಯುವುದಿಲ್ಲ.

ಹಿರ್ಷ್‌ಫೆಲ್ಡನು ಮಾಡಿದ ದೊಡ್ಡ ಕೆಲಸಗಳು ನನ್ನಂಥವನಿಗೆ ನಿಲುಕುವಂಥವಲ್ಲ. ಆದರೆ ಚೀಟಿ ಬರೆಯುವುದು ನನಗೂ ಬರುತ್ತದೆ. ಓದು ಮುಗಿಸಿ ನಾಳೆ ನಮ್ಮಲ್ಲಿ ಕೆಲವರು ಇಂಥದೇ ಒಂದು ಕಿಟಕಿಯ ಒಳಗೆ ಕುಳಿತುಕೊಳ್ಳುವವರೇ ಆಗಿದ್ದೇವೆ. ಅಂದು ಎದುರು ನಿಂತವರಿಗೆ ಏನು ನೋವೆಂದು ಮೊದಲು ಕೇಳಿದರೆ ಸಾಕು.

ಈ ವರ್ಷ ದಸರಾ ರಜೆಯಲ್ಲಿ ಅಕ್ಕನ ಕೋಣೆಯಲ್ಲಿ ಕುಳಿತು, ಅವರ ಈಗಿನ ಹೆಸರಿನಲ್ಲಿ ಗುರುತಿನ ಚೀಟಿ ಬೇಡಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ತುಂಬಿದೆವು. ಹೆಸರಿನ ಜಾಗ ಬಂದಾಗ ಅವರು ನನ್ನ ಕೈಯಿಂದ ಕಾಗದವನ್ನು ತೆಗೆದುಕೊಂಡು, ಅಕ್ಷರ ಸೊಟ್ಟಗಾದರೂ ಸರಿ ಇದೊಂದನ್ನು ತಾವೇ ಬರೆಯುತ್ತೇವೆಂದು ಬರೆದರು. ಮುಂದೆ ರಕ್ತಪರೀಕ್ಷೆಗೆ ಹೋಗಬೇಕಾಗಿದೆ. ಈ ಸಲ ಸಾಲಿನಲ್ಲಿ ಅವರ ಪಕ್ಕದಲ್ಲಿಯೇ ನಿಲ್ಲುತ್ತೇನೆಂದು ಮಾತು ಕೊಟ್ಟಿದ್ದೇನೆ.